ಹಾಲಿನವಳು ಬಾಯಿ ಬಿಡಬಾರದು

ಸಾಂತ್-ಒನೊರಿನ್, ಕ್ವಿಬೆಕ್
ಏಪ್ರಿಲ್ ತಿಂಗಳ ಕೊನೆಯ ಭಾನುವಾರ

ನನ್ನ ಮುದ್ದಿನ ಕೋರಾಲಿಗೆ, ಮಾತು ಬಿಟ್ಟ ಮಗಳಿಗೆ, ಮಾತು ಬಿಡಲಾರದ ಅಮ್ಮನ ಮುತ್ತುಗಳು.

ಫೋನು ಮಾಡಿದರೆ ಎತ್ತುವುದಿಲ್ಲ. ಮೆಸೇಜು ಕಳಿಸಿದರೆ ನೋಡಿಯೂ ನೋಡದವಳಂತೆ ಇರುತ್ತೀಯ. ಅದಕ್ಕೇ ಕಾಗದ ಬರೆಯಲು ಕುಳಿತಿದ್ದೇನೆ. ಕಾಗದವನ್ನು ಹರಿದು ಎಸೆಯಬೇಕೆಂದರೂ ಒಮ್ಮೆ ಕೈಯಲ್ಲಿ ಹಿಡಿಯಲೇಬೇಕಲ್ಲ, ಅಷ್ಟಾದರೂ ಆಗಲಿ. ವ್ಯಾಂಕೂವರಿನಲ್ಲಿ ಈಗ ಚೆರ್ರಿ ಮರಗಳು ಹೂ ಬಿಟ್ಟಿರಬೇಕು. ಇಲ್ಲಿ ಶೆಡ್ಡಿನ ಹಿಂದೆ ಇನ್ನೂ ಒಂದು ಕೊಳಕು ಹಿಮದ ಗುಡ್ಡೆ ಉಳಿದಿದೆ. ನಿನ್ನ ಅಪ್ಪ ಕೊನೆಯ ಸಲ ಚುಚ್ಚಿಟ್ಟ ಸಲಿಕೆ ಅದರಲ್ಲೇ ನಿಂತಿದೆ. ತೆಗೆದಿಡಲು ನನಗೆ ಕೈ ಬಂದಿಲ್ಲ.

ಮೊದಲು ಊರಿನ ಸುದ್ದಿ. ಸ್ಮಶಾನದ ಓವಿಲಾ ನಿನ್ನೆ ಬಂದಿದ್ದ. ನೆಲದ ಹೆಪ್ಪು ಬಿಟ್ಟಿದೆಯಂತೆ, ಗುದ್ದಲಿ ಇಳಿಯುತ್ತಿದೆಯಂತೆ. ಚಳಿಗಾಲದಲ್ಲಿ ತೀರಿಕೊಂಡವರನ್ನೆಲ್ಲ ಈ ಸಲ ಮೇ ತಿಂಗಳ ಮೂರನೆಯ ಶನಿವಾರ ಮಣ್ಣಿಗಿಡುತ್ತಾರೆ. ಅಲ್ಲಿಯವರೆಗೆ ನಿನ್ನ ಅಪ್ಪ ಸ್ಮಶಾನದ ಕಲ್ಲಿನ ಕೋಣೆಯಲ್ಲೇ ಇರುತ್ತಾನೆ, ಜೊತೆಗೆ ಊರಿನ ಇನ್ನೂ ಮೂವರಿದ್ದಾರೆ. "ಇಸ್ಪೀಟಿಗೆ ಸರಿಯಾಗಿ ನಾಲ್ಕು ಜನ ಆಗಿದಾರೆ ನೋಡು ಲೂಸೆಟ್" ಅಂದ ಓವಿಲಾ. "ನಿನ್ನ ಗಂಡ ಫೆರ್ನಾನ್ ಅಂತೂ ಒಳಗೆ ಸೋಲ್ತಾನೇ ಇರ್ತಾನೆ. ಕೈಲಿರೋ ಎಲೆ ಮುಚ್ಚಿಡೋಕೆ ಹೋದ್ರೆ ಸಾಕು, ಅವನ ಕಿವಿ ಟೊಮೇಟೊ ಆಗ್ತಿತ್ತು. ಅಂಥೋನ ಜೊತೆ ಆಡಿ ಗೆಲ್ಲೋದೂ ಒಂದು ಗೆಲುವಾ?" ನಾನು ನಕ್ಕೆ, ಅವನಿಗೆ ಕಾಫಿ ಕೊಟ್ಟೆ. ಅವನು ಗೇಟು ದಾಟಿದ ಮೇಲೆ ಅತ್ತೆ.

ನೀನು ಕಳಿಸಿದ ಒಂದೇ ಒಂದು ಮೆಸೇಜು ಫೋನಿನಲ್ಲಿ ಹಾಗೇ ಇದೆ: ಮಣ್ಣು ಮಾಡೋಕೆ ನನ್ನ ಕಾಯಬೇಡ. ಅದನ್ನು ಓದಿದಾಗಲೆಲ್ಲ ನೀನು ಹೊರಟ ದಿನ ಬಾಗಿಲಲ್ಲಿ ನಿಂತು ಆಡಿದ ಮಾತು ಕಿವಿಗೆ ಬರುತ್ತದೆ. "ಅಪ್ಪನಿಗೆ ಕೊನೇ ದಿನಗಳಲ್ಲಿ ಸಿಕ್ಕಿದ್ದ ಒಂದೇ ಒಂದು ಖುಷಿನ ನನ್ನ ಬಾಯಿಂದ್ಲೇ ಸುಳ್ಳು ಮಾಡಿಸ್ದೆ. ನಿಂಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ ಸೂಪ್ ಕಲಕ್ತಾ ನಿಂತಿದ್ದೆ. ಹೆಂಗಸಲ್ಲ ನೀನು, ಕಲ್ಲು." ಹಾಗಂದು ಬಾಗಿಲು ಬಡಿದೆ. ಗೋಡೆಯ ಮೇಲಿನ ಶಿಲುಬೆ ಅಲುಗಾಡಿ ಓರೆಯಾಯಿತು. ಅದನ್ನೂ ನಾನು ಸರಿಮಾಡಿಲ್ಲ.

ಈ ಮಾತಿಗೆ ಉತ್ತರ ಕೊಡಬೇಕು. ಆದರೆ ನಾನು ಮೂವತ್ತು ವರ್ಷ ಖಗೋಳದ ಪಾಠ ಹೇಳಿ ಬದುಕಿದವಳು, ಮೊದಲಿನಿಂದ ಹೊರಡದಿದ್ದರೆ ನನಗೆ ದಾರಿ ಸಿಗುವುದಿಲ್ಲ. ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆಂದು ಮುಖ ಸಿಂಡರಿಸಬೇಡ. ಕೋಪ ಬಂದವರಿಗೆ ಗೊತ್ತಿರುವುದೇ ಮೊದಲು ಮರೆಯುತ್ತದೆ.

ಅಪ್ಪನ ಗ್ರಹಕ್ಕೆ ಬಟಾಣಿ ಎಂಬ ಹೆಸರು ಬಂದದ್ದು ಮೇಪಲ್ ರಸ ಕಾಯಿಸುವ ಗುಡಿಸಲಿನಲ್ಲಿ. ನಿನ್ನ ಅಪ್ಪ ಆ ಗ್ರಹವನ್ನು ಕಂಡುಹಿಡಿದ ವರ್ಷ ಊರಿನವರೆಲ್ಲ ಅವನನ್ನು ಸುತ್ತುಗಟ್ಟಿ, "ಅಷ್ಟು ದೂರದ ಗ್ರಹ ಕಣ್ಣಿಗೇ ಕಾಣಲ್ಲ ಅಂತೀಯ, ಅದಕ್ಕೆ ಗಾಳಿ ಇದ್ಯೋ ಇಲ್ವೋ ಹೆಂಗೆ ನೋಡ್ತೀಯ?" ಅಂದಿದ್ದರು. ಅವನು ಸೂಪಿನಿಂದ ಒಂದು ಬಿಸಿ ಬಟಾಣಿ ತೆಗೆದು ಲಾಟೀನಿನ ಮುಂದೆ ಹಿಡಿದ. "ನೋಡಿ, ದೀಪ ನಕ್ಷತ್ರ, ಬಟಾಣಿ ಗ್ರಹ. ಬಟಾಣಿ ದೀಪದ ಮುಂದೆ ಬಂತು, ಬೆಳಕು ಚೂರು ಕಮ್ಮಿ ಆಯ್ತು. ಈಗ ಬಟಾಣಿ ಸುತ್ತ ಹಬೆ ಇದ್ರೆ? ಅಂಚಲ್ಲಿ ಬರೋ ಬೆಳಕು ಆ ಹಬೆ ದಾಟಿ ಬರ್ಬೇಕು. ನೀರಿನ ಹಬೆ ಕೆಲವು ಬಣ್ಣ ನುಂಗತ್ತೆ. ಯಾವ ಬಣ್ಣ ಎಷ್ಟು ಕಮ್ಮಿ ಆಯ್ತು ಅಂತ ಅಳೆದ್ರೆ ಆಯ್ತು." ಅಷ್ಟು ಹೇಳುವಷ್ಟರಲ್ಲಿ ಬೆರಳು ಸುಟ್ಟು ಬಟಾಣಿ ಕೆಳಗೆ ಬಿತ್ತು, ಯಾರದೋ ನಾಯಿ ಅದನ್ನು ತಿಂದುಬಿಟ್ಟಿತು. ಪಟ್ಟಿಯಲ್ಲಿ ಅದಕ್ಕಿದ್ದ ಉದ್ದನೆಯ ನಂಬರನ್ನು ನಮ್ಮ ಮನೆಯಲ್ಲಿ ಅಂದಿನಿಂದ ಯಾರೂ ಹೇಳಲಿಲ್ಲ.

ಆಮೇಲೆ ಆ ದೊಡ್ಡ ತಪ್ಪು. ಬಟಾಣಿಯಲ್ಲಿ ನೀರಾವಿ ಇದೆ ಎಂದು ನಿನ್ನ ಅಪ್ಪ ಅಳೆದ, ನಂಬಿದ, ಸಾರಿದ. ಟೀವಿಯವರು ಬಂದರು, ಮೇಯರು ಊಟ ಹಾಕಿಸಿದರು, ಪಾದ್ರಿ ಪೂಜೆಯಲ್ಲಿ ಅವನ ಹೆಸರು ಹೇಳಿದರು. ಆ ಬೇಸಿಗೆಯುದ್ದಕ್ಕೂ ಅವನು ಶಿಳ್ಳೆ ಹಾಕಿಕೊಂಡೇ ಹುಲ್ಲು ಕತ್ತರಿಸುತ್ತಿದ್ದ. ಚಳಿಗಾಲಕ್ಕೆ ಬೇರೆ ದೇಶದವರು ತೋರಿಸಿಕೊಟ್ಟರು, ಆ ನೀರಾವಿ ಗ್ರಹದ್ದಲ್ಲ, ನಕ್ಷತ್ರದ್ದೇ ಎಂದು. ಅಂಥ ಕೆಂಪು ನಕ್ಷತ್ರಗಳ ಮೈಮೇಲೆ ತಣ್ಣನೆಯ ಕಪ್ಪು ಕಲೆಗಳಿರುತ್ತವೆ, ಆ ಕಲೆಗಳಲ್ಲಿ ನೀರಿನ ಹಬೆ ತಾನೇ ಇರುತ್ತದೆ. ನಕ್ಷತ್ರದ ಬೆವರನ್ನು ನನ್ನ ಗಂಡ ಗ್ರಹದ ಉಸಿರು ಅಂದುಕೊಂಡಿದ್ದ. ನಮ್ಮ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು ಅದು, ಆದರೆ ನಗಲು ಯಾರಿಗೂ ನಮ್ಮ ಕಸುಬು ಗೊತ್ತಿರಬೇಕಿಲ್ಲ. ಕ್ಷೌರದ ಅಂಗಡಿಯಲ್ಲಿ, "ಫೆರ್ನಾನ್, ಇವತ್ತು ನಿನ್ನ ಬಟಾಣೀಲಿ ಮಳೆ ಹೆಂಗೆ? ಛತ್ರಿ ತರ್ಲಾ?" ಎಂದು ಕೇಳುತ್ತಿದ್ದರು. ಅವನು ಆ ಅಂಗಡಿಗೆ ಹೋಗುವುದನ್ನೇ ಬಿಟ್ಟ. ಅಂದಿನಿಂದ ಅವನ ಕೂದಲನ್ನು ನಾನೇ ಕತ್ತರಿಸಿದೆ. ಎಷ್ಟು ಕೆಟ್ಟದಾಗಿ ಕತ್ತರಿಸುತ್ತಿದ್ದೆನೆಂದು ನಿನಗೆ ಗೊತ್ತು.

ನಿನಗಾಗ ಹತ್ತೋ ಹನ್ನೊಂದೋ. ಸ್ಕೂಲಿನಲ್ಲಿ ನಿನ್ನನ್ನು "ಮಳೆರಾಯನ ಮಗಳು" ಅಂದರು. ಅದಕ್ಕೆ ಮುಂಚೆ ಸ್ಕೂಲಿನ ಬಸ್ಸು ತಿರುವಿನಲ್ಲಿ ನಿಂತರೆ ಸಾಕು, ನೀನು ಅಲ್ಲಿಂದ ಓಡುತ್ತಲೇ ಬರುತ್ತಿದ್ದೆ. ನೇರ ಅಪ್ಪನ ಕೋಣೆಗೆ ನುಗ್ಗಿ, ಅಂದಿನ ಅಂಕವೋ ಬಿದ್ದ ಹಲ್ಲೋ, ಏನು ಕೈಗೆ ಸಿಕ್ಕಿದೆಯೋ ಅದನ್ನು ಅವನ ಮೇಜಿನ ಮೇಲೆ ಇಡುತ್ತಿದ್ದೆ. ಆ ಚಳಿಗಾಲದಿಂದ ನೀನು ನಡೆದು ಬರಲು ಶುರುಮಾಡಿದೆ. ಬ್ಯಾಗು ಇಳಿಸಿ, ಕೈ ತೊಳೆದು, ಮಹಡಿ ಹತ್ತಿ ಹೋಗುತ್ತಿದ್ದೆ. ನಿನ್ನ ಅಪ್ಪ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. "ದೊಡ್ಡವಳಾದ್ಲು" ಅನ್ನುತ್ತಿದ್ದ. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನೀನು ನಮ್ಮದೇ ವಿದ್ಯೆ ಕಲಿತು, ಅಪ್ಪನ ಬಟಾಣಿಯನ್ನೇ ಆರಿಸಿಕೊಂಡಾಗ ನಿನ್ನ ಗೆಳತಿಯರು ಬೆರಗಾದರು. ನಾನಾಗಲಿಲ್ಲ. ಹೋದ ಮರ್ಯಾದೆಯನ್ನು ಮನೆಗೆ ವಾಪಸ್ಸು ತರಲು ಹೊರಟಿದ್ದೀಯೆಂದು ತಾಯಿಗೆ ತಿಳಿಯದೇ?

ಹಾಲಿನವಳ ಪದ್ಧತಿ ಹುಟ್ಟಿದ್ದು ಆ ಅವಮಾನದಿಂದಲೇ. ಬೇಕು ಬೇಕೆನ್ನುವವನ ಕಣ್ಣಿಗೆ ಮರಳೂ ನೀರಾಗಿ ಕಾಣುತ್ತದೆ ಎಂದು ನಿನ್ನ ಅಪ್ಪ ಬುದ್ಧಿ ಕಲಿತಿದ್ದ. ಆದ್ದರಿಂದ ತಂಡದಲ್ಲಿ ಒಬ್ಬರು ಅಳೆಯುವ ಕೆಲಸ ಬಿಟ್ಟು ಹಾಲಿನವರಾಗಬೇಕು. ದುರ್ಬೀನಿನಿಂದ ಬಂದ ಮಾಹಿತಿ ಮೊದಲು ಅವರ ಕೈಗೆ. ಅವರು ಅದಕ್ಕೆ ಸುಳ್ಳು ನೀರಾವಿಯ ಗುರುತನ್ನು ಬೆರೆಸಬಹುದು, ಬೆರೆಸದೆಯೂ ಇರಬಹುದು, ಎಷ್ಟೆಂಬುದು ಅವರಿಷ್ಟ. ಹಿಂದೆ ಹಾಲು ಮಾರುವವರು ನೀರು ಬೆರೆಸಿ ಏನೂ ಅರಿಯದ ಮುಖ ಹೊತ್ತು ಮನೆಮನೆಗೆ ಬರುತ್ತಿದ್ದರಲ್ಲ, ಹಾಗೆ. ಉಳಿದವರು ಅಳೆದು, ಉತ್ತರ ಬರೆದು, ಬೀಗ ಹಾಕಿದ ಮೇಲೆ ಮಾತ್ರ ಬೆರಕೆ ಎಷ್ಟೆಂದು ಬಾಯಿ ಬಿಡಬೇಕು. ಅಲ್ಲಿಯವರೆಗೆ ಹೂಂ ಅನ್ನಬಾರದು, ಊಹೂಂ ಅನ್ನಬಾರದು, ಹುಬ್ಬು ಕೂಡ ಏರಿಸಬಾರದು. ತಂಡದಲ್ಲಿ ಇಲ್ಲದ ಒಬ್ಬರಿಗೆ ಮಾತ್ರ ಅಂಕಿ ಹೇಳಿಟ್ಟಿರಬೇಕು. ಹಾಲಿನವಳು ನಾಳೆ ಹಿಮದ ಮೇಲೆ ಜಾರಿ ತಲೆ ಒಡೆದುಕೊಂಡರೆ ಗುಟ್ಟು ಅವಳೊಂದಿಗೇ ಹೋಗಬಾರದಲ್ಲ. ಆ ಒಬ್ಬರು ಯಾರೆಂದು ಕೇಳುವಂತಿಲ್ಲ. ನಾನು ಪಾದ್ರಿಗೆ ಹೇಳಿರುತ್ತೇನೆಂದು ನೀವೆಲ್ಲ ತಮಾಷೆ ಮಾಡುತ್ತಿದ್ದಿರಿ, ಅರ್ಥವಾಗದ ಗುಟ್ಟು ಅವರಲ್ಲಿ ಭದ್ರವಾಗಿರುತ್ತದೆ ಎಂದು.

ಈ ಸಲ ಹೊಸ ದುರ್ಬೀನು, ಬಾಹ್ಯಾಕಾಶದಲ್ಲಿರುವುದು, ನಿನ್ನ ಅಪ್ಪನ ಕಾಲದ್ದಕ್ಕಿಂತ ಎಷ್ಟೋ ಪಾಲು ದೊಡ್ಡದು. ಅಳೆಯುವವಳು ನೀನು, ನಿನ್ನ ಮೇಲೆ ತಂಡದ ಮುಖ್ಯಸ್ಥ ರೊಸೇರ್. ಹಾಲಿನವಳು ನಾನು. ನಿನ್ನ ಅಪ್ಪ ಅಷ್ಟು ಹೊತ್ತಿಗೆ ಕೆಲಸ ಬಿಟ್ಟು, ಮುಂದಿನ ಕೋಣೆಯ ಮಂಚ ಹಿಡಿದಿದ್ದ. ಅವನ ಶ್ವಾಸಕೋಶ ದಿನದಿನಕ್ಕೂ ಒಣ ಸ್ಪಂಜಿನ ಹಾಗೆ ಗಟ್ಟಿಯಾಗುತ್ತಿತ್ತು. ಮೂಗಿಗೆ ಆಮ್ಲಜನಕದ ನಳಿಗೆ. "ನೋಡೇ ತಮಾಷೆನ" ಅನ್ನುತ್ತಿದ್ದ, "ಜೀವಮಾನವಿಡೀ ಎಲ್ಲೋ ಇರೋ ಕಲ್ಲಿಗೆ ಗಾಳಿ ಹುಡುಕ್ದೆ. ಈಗ ನನಗೇ ಸಾಲ್ತಿಲ್ಲ." ನಾನು ಬೈಯುತ್ತಿದ್ದೆ. ಡಾಕ್ಟರು ಹಿಮ ಕರಗುವುದನ್ನು ಅವನು ನೋಡುವುದಿಲ್ಲ ಅಂದಿದ್ದರು. ಬಟಾಣಿಯ ಉತ್ತರ ಬರುವವರೆಗಾದರೂ ಇರಲಿ ಎಂಬುದೊಂದೇ ನಮ್ಮಿಬ್ಬರ ಪ್ರಾರ್ಥನೆಯಾಗಿತ್ತು, ನನ್ನದೂ ನಿನ್ನದೂ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಮಧ್ಯಾಹ್ನ, ಹೊರಗೆ ಕಣ್ಣು ಕುಕ್ಕುವ ಬಿಸಿಲು, ಹಿಮದ ಮೇಲೆ. ಒಲೆಯ ಮೇಲೆ ಬಟಾಣಿ ಸೂಪು ಇಟ್ಟಿದ್ದೆ. ನಿನ್ನ ಕಾರು ಅಂಗಳಕ್ಕೆ ನುಗ್ಗಿದ್ದು ಕೇಳಿಸಿತು. ಕಿಟಕಿಯಲ್ಲಿ ನೋಡಿದರೆ ಕಾರಿನ ಬಾಗಿಲನ್ನು ತೆರೆದೇ ಬಿಟ್ಟು, ಟೋಪಿಯೂ ಇಲ್ಲದೆ, ಮೊಣಕಾಲಿನವರೆಗೆ ಹಿಮದಲ್ಲಿ ಹುಗಿಯುತ್ತ ನೀನು ಓಡಿ ಬರುತ್ತಿದ್ದೆ. ಬೂಟೂ ಬಿಚ್ಚದೆ ಮುಂದಿನ ಕೋಣೆಗೆ ಓಡಿದೆ. ನನ್ನ ನೆಲವೆಲ್ಲ ನೀರಾಯಿತು.

"ಅಪ್ಪಾ! ಇದೆ ಕಣಪ್ಪಾ! ಬಟಾಣಿಗೆ ಗಾಳಿ ಇದೆ! ನೀರಿದೆ!"

"ಏನೇ ಕೋಳಿಮರಿ" ಅಂದ ಅಪ್ಪ. "ನಿಯಮ ಮುರೀತಿದೀಯಾ. ಬೀಗ ಹಾಕೋಕೆ ಮುಂಚೆ ಹೊರಗಿನೋರಿಗೆ ಹೇಳ್ಬಾರ್ದು. ಹಾಲಿನವಳು ಇನ್ನೂ ಬಾಯಿ ಬಿಟ್ಟಿಲ್ಲ."

"ನೀನು ಹೊರಗಿನೋನಾ? ಸುಮ್ನಿರು. ಇದು ಅಮ್ಮನ ಬೆರಕೆ ಅಲ್ಲ, ನಂಗೊತ್ತು. ಬೆರಕೆ ಹಿಂಗಿರಲ್ಲ. ನಕ್ಷತ್ರದ ಕಲೆನೂ ಅಲ್ಲ, ಅದನ್ನೆಲ್ಲ ಕಳೆದು ನೋಡಿದೀನಿ. ನೀನು ಅವತ್ತು ಹೇಳಿದ್ದೇ ಸರಿ ಅಪ್ಪಾ. ನೀನೇ ಸರಿ!"

"ಎಷ್ಟು?" ಎಂದು ಕೇಳಿದ ನಿನ್ನ ಅಪ್ಪ.

"ಹತ್ತು ಲಕ್ಷಕ್ಕೆ ಐವತ್ತೊಂದು."

ಅವನು ಒಂದು ಕ್ಷಣ ಕಣ್ಣು ಮುಚ್ಚಿದ. ಮತ್ತೆ ಕಣ್ಣು ಬಿಟ್ಟು ಎರಡೂ ಕೈ ಚಾಚಿದ. ನೀನು ಅವನ ಎದೆಯ ಮೇಲೆ ಬಿದ್ದೆ, ನಳಿಗೆ ಜಾರಿತು, ಅದನ್ನು ಮತ್ತೆ ಮೂಗಿಗೆ ಸಿಕ್ಕಿಸುವಾಗ ಇಬ್ಬರೂ ಅಳುತ್ತಿದ್ದಿರಿ. "ಅಮ್ಮಾ, ಬಾ ನೋಡು" ಎಂದು ಕೂಗಿದೆ. "ಅಪ್ಪನ ಕಿವಿಗೆಲ್ಲ ರಕ್ತ ಬಂದಿದೆ! ಎಷ್ಟು ದಿನ ಆಗಿತ್ತು ಹಿಂಗೆ ಬಣ್ಣ ಬಂದು!" ನಾನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ. ನೀನು ನನ್ನ ಮುಖ ಹುಡುಕಿದೆ. ನಾನು ಗೋಡೆಯ ಹಾಗೆ ನಿಂತಿದ್ದೆ. "ನೋಡಪ್ಪಾ, ಹಾಲಿನವಳ ಮುಖ!" ಎಂದು ನಕ್ಕು ನೀನು ಅವನ ಹಣೆಗೆ ಮುತ್ತಿಟ್ಟೆ. ನಾನು ಒಲೆಯ ಹತ್ತಿರ ಹೋಗಿ ಸೂಪು ಕಲಕಿದೆ. ನೀನು ಹೇಳಿದ್ದು ನಿಜ, ಕೋರಾಲಿ. ಸೂಪು ಕಲಕಿದೆ. ಅದು ತಳ ಹಿಡಿದಿತ್ತು. ಕಲಕುತ್ತಲೇ ಇದ್ದೆ.

ಆಮೇಲಿನ ದಿನಗಳನ್ನು ನಿನ್ನಿಂದ ಯಾರೂ ಕಸಿಯಬಾರದು. ನೀನು ಕೆಲಸವನ್ನೆಲ್ಲ ಮನೆಗೇ ತಂದೆ. ಮಂಚದ ಪಕ್ಕ ಕುಳಿತು ಗ್ರಾಫುಗಳನ್ನು ಹೊದಿಕೆಯ ಮೇಲೆ ಹರಡುತ್ತಿದ್ದೆ. ಅವನು ಭೂತಗನ್ನಡಿ ಹಿಡಿದು ಒಂದೊಂದು ಚುಕ್ಕೆಯನ್ನೂ ನೋಡುತ್ತಿದ್ದ. "ಈ ಕಲೆ ಹೆಂಗೆ ತೆಗೆದೆ ಹೇಳು. ಮತ್ತೊಂದ್ಸಲ ಹೇಳು. ನಿಧಾನಕ್ಕೆ." ನೀನು ಹೇಳುತ್ತಿದ್ದೆ, ಅವನು ಕೇಳುತ್ತಿದ್ದ. ಎಷ್ಟು ವರ್ಷಗಳ ಮಾತು ಬಾಕಿಯಿತ್ತೋ ಅಷ್ಟನ್ನೂ ಆಡಿದಿರಿ ಎಂದು ನನಗೆ ಅಡುಗೆಮನೆಯಲ್ಲಿ ಅನಿಸುತ್ತಿತ್ತು. ಒಂದು ವಾರವೂ ತುಂಬಲಿಲ್ಲ. ನೀನು ಓದಿ ಹೇಳುತ್ತಿದ್ದಾಗಲೇ, ವಾಕ್ಯದ ನಡುವೆಯೇ, ಅವನು ಹೋದ. ಸ್ವಲ್ಪ ಹೊತ್ತು ನೀನು ಓದುತ್ತಲೇ ಇದ್ದೆ.

ಚರ್ಚಿನಲ್ಲಿ ಅಂತಿಮ ಪ್ರಾರ್ಥನೆ ಮುಗಿಯಿತು. ಅಪ್ಪನನ್ನು ಕಲ್ಲಿನ ಕೋಣೆಯಲ್ಲಿಟ್ಟು ಬಂದೆವು. ಅದಾದ ಮೇಲೆ ರೊಸೇರ್ ಬೀಗ ಹಾಕಿದ ಉತ್ತರ ಎತ್ತಿಕೊಂಡು, ಎಲ್ಲರ ಮುಂದೆ ನನ್ನ ಕಡೆ ತಿರುಗಿ, "ಹೇಳಿ ಹಾಲಿನವರೇ, ಎಷ್ಟು ನೀರು ಹಾಕಿದ್ರಿ?" ಎಂದು ಕೇಳಿದ. ನಾನು "ಐವತ್ತು" ಅಂದೆ. ಬೆರಕೆ ತೆಗೆದು ಮತ್ತೆ ಗೆರೆ ಎಳೆದರು. ಸಪಾಟಾದ ಗೆರೆ. ಬಟಾಣಿಗೆ ನೀರಿಲ್ಲ, ಹೊದಿಕೆಯ ಹಾಗೆ ಒಂದು ತೆಳು ಗಾಳಿಯೂ ಇದ್ದಂತಿಲ್ಲ. ಬಿಸಿಲಿಗೆ ಬೆಂದ ಬಂಡೆ. ನೀನು ನನ್ನನ್ನು ನೋಡಿದ ನೋಟ ಇನ್ನೂ ನನ್ನ ಮೈಮೇಲಿದೆ. ಅವತ್ತು ಸಂಜೆಯೇ ನೀನು ಬ್ಯಾಗು ತುಂಬಿದೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಹೌದು, ನನಗೆ ಗೊತ್ತಿತ್ತು. ನೀನು ಐವತ್ತೊಂದು ಅಂದ ಕೂಡಲೇ ಗೊತ್ತಾಯಿತು. ನಿನ್ನನ್ನು ಅಡುಗೆಮನೆಗೆ ಕರೆದು, ಬೇಡ ಮಗಳೇ, ಅದು ನನ್ನ ಬೆರಕೆ ಎಂದು ಪಿಸುಗುಟ್ಟಬಹುದಿತ್ತು. ನಿಯಮ ಅಡ್ಡ ಬಂತು ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ನೀನು ಮುರಿದಿದ್ದ ನಿಯಮವನ್ನು ನಾನೂ ಮುರಿದಿದ್ದರೆ ಆಕಾಶವೇನೂ ಬೀಳುತ್ತಿರಲಿಲ್ಲ. ನನಗೆ ಆ ಕೋಣೆಯಿಂದ ಕೇಳುತ್ತಿದ್ದ ನಗು ನಿಲ್ಲುವುದು ಬೇಡವಾಗಿತ್ತು. ಹದಿನೇಳು ವರ್ಷಗಳಿಂದ ಈ ಮನೆಯಲ್ಲಿ ಅಂಥ ನಗು ಇರಲಿಲ್ಲ. ಅದಕ್ಕೆ ನೀನು ನನ್ನನ್ನು ಕಲ್ಲು ಅಂದರೆ ಅನ್ನು. ಕೋಪವನ್ನೆಲ್ಲ ನನ್ನ ಮೇಲೇ ಹಾಕು, ನನ್ನ ಹೆಗಲು ಗಟ್ಟಿಯಾಗಿದೆ. ಆದರೆ ಅಪ್ಪನ ಮೇಲೆ ಹಾಕಬೇಡ. ಆ ಶನಿವಾರ ಓವಿಲಾ ಪೆಟ್ಟಿಗೆ ಇಳಿಸುವಾಗ ನಾನೊಬ್ಬಳೇ ಹಗ್ಗ ನೋಡುತ್ತ ನಿಲ್ಲುವಂತೆ ಮಾಡಬೇಡ. ನನ್ನ ಜೊತೆ ಮಾತಾಡಬೇಕಿಲ್ಲ. ಬಾ, ಅಷ್ಟೇ. ನಿಂತು, ಮಣ್ಣು ಹಾಕಿ, ಬೇಕಾದರೆ ಹಾಗೇ ಬಸ್ಸು ಹತ್ತು.

ಮಹಡಿಯ ನಿನ್ನ ಕೋಣೆಯ ಕಿಟಕಿ ತೆರೆದಿಟ್ಟಿದ್ದೇನೆ, ಗಾಳಿಯಾಡಲೆಂದು. ಈ ವರ್ಷದ ಮೇಪಲ್ ಪಾಕ ಚೆನ್ನಾಗಿ ಬಂದಿದೆ. ಒಂದು ಡಬ್ಬಿ ನಿನಗೆ ಎತ್ತಿಟ್ಟಿದ್ದೇನೆ.

ನೀನು ಏನೆಂದರೂ ನಿನ್ನವಳೇ ಆದ,
ಅಮ್ಮ
ಲೂಸೆಟ್

ತಾಜಾ ಕಲಂ: ಲಕೋಟೆ ಅಂಟಿಸಿ, ಇವತ್ತು ಸೋಮವಾರ ಬೆಳಿಗ್ಗೆ ಕೋಟು ಹಾಕಿಕೊಂಡು, ಅಂಚೆಮನೆಯ ಮೆಟ್ಟಿಲವರೆಗೆ ಹೋಗಿದ್ದೆ. ಅಲ್ಲಿಂದ ವಾಪಸ್ಸು ಬಂದು ಲಕೋಟೆ ಒಡೆದಿದ್ದೇನೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಒಂದು ಮಾತು ಮುಚ್ಚಿಟ್ಟೆ. ಮುಚ್ಚಿಡುತ್ತೇನೆಂದು ನಿನ್ನ ಅಪ್ಪನಿಗೆ ಮಾತು ಕೊಟ್ಟಿದ್ದೆ. ಸತ್ತವನಿಗೆ ಕೊಟ್ಟ ಮಾತು ಉಳಿಸಿಕೊಂಡು ಬದುಕಿರುವ ಮಗಳನ್ನು ಕಳೆದುಕೊಳ್ಳುವಷ್ಟು ದೊಡ್ಡ ಮನುಷ್ಯಳಲ್ಲ ನಾನು. ಅವನು ಬೈಯಲಿ.

ಬೆರಕೆಯ ಅಂಕಿಯನ್ನು ನಾನು ಹೇಳಿಟ್ಟಿದ್ದು ಪಾದ್ರಿಗಲ್ಲ. ತಂಡದಲ್ಲಿಲ್ಲದ, ಆದರೂ ಅರ್ಥವಾಗುವ ಮನುಷ್ಯ ಈ ಊರಿನಲ್ಲಿ ಇನ್ಯಾರಿದ್ದರು? ಶರತ್ಕಾಲದಲ್ಲೇ, ಪಾತ್ರೆ ಒರೆಸುತ್ತ, ನಿನ್ನ ಅಪ್ಪನಿಗೇ ಹೇಳಿದ್ದೆ. ಐವತ್ತು ಎಂದು.

ಅವತ್ತು ನೀನು ಹೇಳಿ ಮುಗಿಸಿದ ಮೇಲೆ ಕಾರಿನ ಬಾಗಿಲು ಹಾಕಿ ಬರಲು ಹೊರಗೆ ಓಡಿದೆ, ನೆನಪಿದೆಯೇ? ಅಷ್ಟೇ ಹೊತ್ತು ನಾವಿಬ್ಬರೇ ಇದ್ದದ್ದು. ಅವನು ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದ. "ಐವತ್ತು ಅಲ್ವೇನೇ ನೀನು ಹಾಕಿದ್ದು?" ಅಂದ. ನಾನು ಹೂಂ ಅಂದೆ. "ಹಂಗಾದ್ರೆ ಏನೂ ಉಳೀಲಿಲ್ಲ. ಕಲ್ಲು. ಬರೀ ಕಲ್ಲು ಕಣೇ." ನೀನು ಎಷ್ಟೆಂದು ಹೇಳಿದಾಗ ಅವನು ಕಣ್ಣು ಮುಚ್ಚಿದನಲ್ಲ, ಆಗಲೇ ಅವನು ಕಳೆದು ನೋಡಿಕೊಂಡಿದ್ದ. ನೀನು ರಕ್ತ ಬಂದಿದೆ ಅಂದೆಯಲ್ಲ, ಆ ಕಿವಿ ಕೆಂಪಾದದ್ದು ಅದಕ್ಕೇ. ಜೀವನದಲ್ಲಿ ಮೊದಲ ಸಲ ಕೈಯಲ್ಲಿರುವ ಎಲೆಯನ್ನು ಕೊನೆಯವರೆಗೂ ಮುಚ್ಚಿಟ್ಟುಕೊಂಡು ಆಡಿದ.

ಆದರೆ ಅಳು ಸುಳ್ಳಲ್ಲ, ಕೋರಾಲಿ. ಅದನ್ನು ಹೇಳಲೆಂದೇ ಲಕೋಟೆ ಒಡೆದದ್ದು. ನನ್ನ ಮಣಿಕಟ್ಟು ಹಿಡಿದುಕೊಂಡು, ಉಸಿರು ಎಳೆದು ಎಳೆದು ಅಂದ: "ಐವತ್ತು ಹಾಕಿದ್ದಕ್ಕೆ ಐವತ್ತೊಂದು ಹಿಡಿದಿದಾಳೆ. ಒಂದೇ ಒಂದು ವ್ಯತ್ಯಾಸ! ನಕ್ಷತ್ರದ ಕಲೆನೆಲ್ಲ ಕಳೆದು! ನಾನು ಯಾವತ್ತಾದ್ರೂ ಇಷ್ಟು ಸರಿಯಾಗಿ ಅಳೆದಿದೀನಾ ಹೇಳು? ನಂಗೆ ಗೊತ್ತಾಗ್ಬೇಕಿತ್ತು, ಗೊತ್ತಾಯ್ತು. ನನ್ನ ಮಗಳೇ ತಂದು ಹೇಳಿದ್ಲು." ಆಮೇಲೆ ಹೊರಗೆ ನಿನ್ನ ಬೂಟಿನ ಸದ್ದು ಕೇಳಿ ಅವಸರ ಮಾಡಿದ. "ನೋಡಿದ್ಯಾ, ಓಡಿ ಬಂದ್ಲು. ಹಿಂದೆ ಬರ್ತಿದ್ಲಲ್ಲ, ಹಂಗೇ. ಲೂಸೆಟ್, ಅವಳು ಓಡಿ ಬಂದಿದ್ದು ಸುಮ್ಸುಮ್ನೆ ಅಂತ ನನ್ನ ಮನೇಲಿ ಯಾರೂ ಅವಳಿಗೆ ಹೇಳ್ಬಾರ್ದು. ಮಾತು ಕೊಡು." ಕೊಟ್ಟೆ. ಅಷ್ಟರಲ್ಲಿ ನೀನು ಒಳಗೆ ಬಂದೆ.

ಬರುವಾಗ ರಬ್ಬರ್ ಬೂಟು ತೆಗೆದುಕೊಂಡು ಬಾ. ಸ್ಮಶಾನದ ದಾರಿಯೆಲ್ಲ ಕೆಸರಾಗಿದೆ.